ಕಾಯಿಲೆ ಬೀಳದ ಮೇಕೆಗಳು

ಆರನೆಯ ದಿನವೂ ಹತ್ತಕ್ಕೆ ಹತ್ತು ಮೇಕೆಗಳು ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದವು. ನನಗೆ ಅಳು ಬರುವುದೊಂದು ಬಾಕಿ.

ನನ್ನ ಕೆಲಸವೇ ಅಂಥದ್ದು. ಮೇಕೆ, ಕುರಿಗಳ ಲಸಿಕೆ ಜನರ ಕೈ ಸೇರುವ ಮುನ್ನ ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬರುತ್ತದೆ. ಹತ್ತು ಮೇಕೆಗಳಲ್ಲಿ ಎಂಟಕ್ಕೆ ಲಸಿಕೆ ಹಾಕಿ, ಚೀಟಿ ಎತ್ತಿ ಆರಿಸಿದ ಎರಡನ್ನು ಹಾಗೇ ಬಿಡುತ್ತೇವೆ. ಮೂರು ವಾರದ ಮೇಲೆ ಹತ್ತಕ್ಕೂ ರೋಗಾಣು ಕೊಡುತ್ತೇವೆ. ಎಂಟು ಚೆನ್ನಾಗಿದ್ದು ಎರಡಕ್ಕೆ ಜ್ವರ ಬಂದರೆ ಲಸಿಕೆ ಪಾಸು. ಆ ಎರಡಕ್ಕೂ ಜ್ವರ ಬಾರದಿದ್ದರೆ? ನಾವು ಕೊಟ್ಟ ರೋಗಾಣುವೇ ಸತ್ತಿತ್ತೋ ಏನೋ. ಎಂಟು ಉಳಿದದ್ದು ಲಸಿಕೆಯಿಂದಲೋ ಅದೃಷ್ಟದಿಂದಲೋ ಹೇಳುವವರು ಯಾರು? ಇಂಥ ಅನುಮಾನ ಇರುವವರೆಗೆ ನಾನು ಸಹಿ ಹಾಕುವುದಿಲ್ಲ. ಅದಕ್ಕೇ ಆಫೀಸಿನವರು ಬೆನ್ನ ಹಿಂದೆ ನನ್ನನ್ನು ‘ಬೇಡಮ್ಮ’ ಅನ್ನುತ್ತಾರೆ. ಎದುರಿಗೇ ಅಂದರೂ ನನಗೇನೂ ಬೇಸರವಿಲ್ಲ.

ಈ ಸಲದ ಲಸಿಕೆಯ ಮೇಲಂತೂ ಮೊದಲಿನಿಂದಲೇ ಅನುಮಾನ. ತರುವ ದಾರಿಯಲ್ಲಿ ಲಾರಿಯ ಫ್ರಿಜ್ ಕೆಟ್ಟು ನಾಲ್ಕು ಗಂಟೆ ನಿಂತಿತ್ತು. ಕಾವು ತಗುಲಿದರೆ ಈ ಲಸಿಕೆ ಬರೀ ನೀರು. ಇತ್ತ ನನ್ನ ತಮ್ಮನ ಸಂಸಾರ ನಡೆಯುವುದೇ ಮೂವತ್ತೆರಡು ಮೇಕೆಗಳಿಂದ, ರೋಗ ಅವನ ಊರಿನ ಹೊಳೆಯ ಆಚೆ ದಡಕ್ಕೆ ಬಂದು ಕೂತಿತ್ತು. ದಿನಕ್ಕೆರಡು ಸಲ ಫೋನು.

“ಅಕ್ಕ, ಹತ್ತೂ ಚೆನ್ನಾಗಿವೆ ಅಂತೀಯ. ಮತ್ತೆ ಸಹಿ ಹಾಕೋಕೆ ಏನು ಧಾಡಿ ನಿಂಗೆ?”

“ಹತ್ತೂ ಚೆನ್ನಾಗಿರೋದೇ ಧಾಡಿ ಕಣೋ.”

“ಕಾಯಿಲೆ ಬಿದ್ರೂ ಬೇಡ, ಬೀಳದಿದ್ರೂ ಬೇಡ! ಆಚೆ ದಡದಲ್ಲಿ ನಿನ್ನೆ ಒಂದೇ ಕೊಟ್ಟಿಗೇಲಿ ಹನ್ನೊಂದು ಹೋದ್ವು, ಗೊತ್ತಾ?”

“ನೀರು ಚುಚ್ಚಿಸ್ಕೊಂಡು ಧೈರ್ಯವಾಗಿ ಕೂತ್ಕೋತೀಯಾ ಹಾಗಾದ್ರೆ?”

ಅವನು ಫೋನ್ ಕುಕ್ಕಿದ. ಜೋರು ಮಾಡಿದ ಮೇಲೆ ಕ್ಯಾಲೆಂಡರ್ ತೆಗೆದು ದಿನ ಎಣಿಸಿದೆ. ಹೊಸ ಲಸಿಕೆ ತರಿಸಿ ಮೊದಲಿನಿಂದ ಶುರು ಮಾಡಿದರೆ ಒಂದೂವರೆ ತಿಂಗಳು. ಅಷ್ಟು ದಿನ ರೋಗ ಹೊಳೆ ನೋಡುತ್ತಾ ಕೂತಿರುತ್ತದೆಯೇ?

ರೋಗಾಣು ಕೊಡುವ ಮುನ್ನಾದಿನ ತೆಗೆದಿಟ್ಟ ರಕ್ತ ಫ್ರಿಜ್‌ನಲ್ಲಿತ್ತು. ಅದನ್ನೇ ಪರೀಕ್ಷೆಗೆ ಹಾಕಿದೆ. ಎಂಟು ಮೇಕೆಗಳ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಹುಟ್ಟಿತ್ತು, ಸರಿ. ಹಾಗೇ ಬಿಟ್ಟ ಎರಡರಲ್ಲೂ ಅಷ್ಟೇ ಇತ್ತು! ಲಸಿಕೆ ಹಾಕುವ ಮುಂಚೆ ತೆಗೆದ ರಕ್ತದಲ್ಲಿ ಅದರ ಸುಳಿವೂ ಇರಲಿಲ್ಲ. ಅಂದರೆ ಅವಕ್ಕೂ ಯಾರೋ ಲಸಿಕೆ ಹಾಕಿದ್ದಾರೆ. ನನ್ನ ಪಿತ್ತ ನೆತ್ತಿಗೇರಿತು.

ಮೇಕೆಗಳನ್ನು ನೋಡಿಕೊಳ್ಳುವವರು ಒಬ್ಬರೇ. ದೊಡ್ಡ ಸಾಹೇಬರಿಂದ ಹಿಡಿದು ಗೇಟಿನವನ ತನಕ ಎಲ್ಲರಿಗೂ ಅವರು ‘ಮಾವ’. ನಿವೃತ್ತಿಗೆ ಏಳು ತಿಂಗಳಿತ್ತು. ರೋಗಾಣು ಕೊಟ್ಟ ಮೇಕೆಗಳಿರುವ ಪ್ರತ್ಯೇಕ ಕೊಠಡಿಯಿಂದ ಸ್ನಾನ ಮಾಡದೆ ಹೊರಗೆ ಬರುವಂತಿಲ್ಲ. ಒದ್ದೆ ತಲೆಯಲ್ಲಿ ಟವೆಲ್ ಹಿಡಿದುಕೊಂಡು ಬಂದವರನ್ನು ಬಾಗಿಲಲ್ಲೇ ತಡೆದೆ.

“ಮಾವ, ಆ ಎರಡಕ್ಕೆ ಏನು ಮಾಡಿದ್ರಿ?”

ಅವರು ಸುಳ್ಳು ಹೇಳಲಿಲ್ಲ. ಟವೆಲನ್ನು ಹಿಂಡುತ್ತಾ ನಿಂತರು.

“ಅವೆರಡಕ್ಕೂ ತಾಯಿ ಇರಲಿಲ್ಲ ಮೇಡಂ. ಬಾಟಲಿ ಹಾಲು ಕೊಟ್ಟು ಬೆಳೆಸಿದ್ದೆ. ಚೀಟೀಲಿ ಅವುಗಳ ನಂಬರೇ ಬರಬೇಕಾ? ಎಂಟಕ್ಕೆ ಹಾಕಿ ಉಳಿದ ಔಷಧಿ ಹೇಗೂ ನಾಶ ಮಾಡೋದು ತಾನೆ, ಚೆಲ್ಲೋದನ್ನ ಇವಕ್ಕೆ ಹಾಕಿದ್ರೆ ಯಾರಿಗೇನು ನಷ್ಟ ಅಂತ…”

“ಯಾರಿಗೇನು ನಷ್ಟಾನಾ? ಲಕ್ಷ ಮೇಕೆಗಳ ಲಸಿಕೆ ಇಲ್ಲಿ ಕೂತಿದೆ! ನನ್ನ ತಮ್ಮನ ಕೊಟ್ಟಿಗೆ ಇದೆ!”

ಗಂಟಲು ಹರಿಯುವಂತೆ ಕೂಗಾಡಿದೆ. ಮೂವತ್ತು ವರ್ಷ ಬುದ್ಧಿ ನೆಟ್ಟಗಿದ್ದವರಿಗೆ ಈಗೇನು ಬಂತು ಎಂದೂ ಕೇಳಿದೆ. ಕೂಗಿ ಸುಸ್ತಾದ ಮೇಲೆ ನೆನಪಾಯಿತು: ಉಳಿದ ಲಸಿಕೆಯನ್ನು ಇಬ್ಬರ ಕಣ್ಣೆದುರು ನಾಶ ಮಾಡಿ ಇಬ್ಬರೂ ಸಹಿ ಹಾಕಬೇಕು. ಆ ಎರಡನೆಯ ಸಹಿ ನನ್ನದು. ಅವತ್ತು ತಮ್ಮನ ಫೋನ್ ಬಂತೆಂದು ನೋಡದೆಯೇ ಗೀಚಿ ಹೊರಗೆ ಓಡಿದ್ದೆ. ಊರಿಗೆಲ್ಲ ಬೇಡ ಅನ್ನುವ ಬೇಡಮ್ಮ ಅವತ್ತೊಂದು ದಿನ ಕಣ್ಣು ಮುಚ್ಚಿ ಹೂಂ ಅಂದಿದ್ದಳು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಇದ್ದದ್ದನ್ನು ಇದ್ದಂತೆ ಬರೆದೆ. ಮಾವ ಮಾಡಿದ್ದು ಒಂದು ಪ್ಯಾರಾ, ನಾನು ಮಾಡಿದ್ದು ಒಂದು ಪ್ಯಾರಾ. ದೊಡ್ಡ ಸಾಹೇಬರು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ರಕ್ತದಲ್ಲಿ ಶಕ್ತಿ ಬಂದಿದೆ ಅಂದ್ರೆ ಲಸಿಕೆ ಕೆಟ್ಟಿಲ್ಲ ಅಂತ ಆಸೆ ಇಟ್ಕೋಬಹುದು.”

“ಆಸೆಗೆ ಸಹಿ ಹಾಕೋಕಾಗಲ್ಲ ಸರ್.”

“ಅದೂ ಗೊತ್ತು ಕಣಮ್ಮ.” ಅವರು ನಕ್ಕರು. “ಇನ್ನೆರಡು ಮೇಕೆ ತನ್ನಿ. ಅದೇ ರೋಗಾಣು, ಅದೇ ಅಳತೆ. ಇವಕ್ಕೆ ಜ್ವರ ಬಂದ್ರೆ ರೋಗಾಣು ಬದುಕಿತ್ತು, ಎಂಟನ್ನ ಉಳಿಸಿದ್ದು ಲಸಿಕೆ ಅಂತ ಆಯ್ತು. ಬರದಿದ್ರೆ ಎಲ್ಲಾ ಮೊದಲಿಂದ. ಇಬ್ಬರಿಗೂ ಎಚ್ಚರಿಕೆ ಪತ್ರ ಬರುತ್ತೆ, ತಗೊಳ್ಳಿ.”

ಮಾವನ ಪಿಂಚಣಿಗೆ ಕುತ್ತು ಬರಲಿಲ್ಲ, ಅಷ್ಟರಮಟ್ಟಿಗೆ ಉಸಿರಾಡಿದೆ.

ಹನ್ನೊಂದು ಮತ್ತು ಹನ್ನೆರಡನೆಯ ನಂಬರಿನ ಮೇಕೆಗಳು ಬಂದವು. ಈ ಸಲ ಸಿರಿಂಜು, ಸೀಸೆ ಎಲ್ಲದರ ಬೀಗದ ಕೈ ನನ್ನ ಜೇಬಿನಲ್ಲೇ. ಎರಡನೆಯ ದಿನ ಜ್ವರವಿಲ್ಲ. ಮೂರನೆಯ ದಿನವೂ ಇಲ್ಲ. ಗುಮಾಸ್ತೆಯಿಂದ ಹಿಡಿದು ಗೇಟಿನವನವರೆಗೆ ಇಡೀ ಆಫೀಸು ಎರಡು ಮೇಕೆಗಳಿಗೆ ಜ್ವರ ಬರಲಪ್ಪಾ ಎಂದು ಕಾಯುತ್ತಿತ್ತು. ತಮ್ಮನಂತೂ ಹಲೋ ಅನ್ನುವುದನ್ನೇ ಮರೆತಿದ್ದ. ಫೋನ್ ಎತ್ತಿದರೆ ಒಂದೇ ಮಾತು: “ಜ್ವರ ಬಂತಾ?”

ನಾಲ್ಕನೆಯ ದಿನ ಬೆಳಿಗ್ಗೆ ಗಾಜಿನ ಕಿಟಕಿಯ ಆಚೆ ಮಾವ ತಾಪ ಬರೆಯುವ ಹಾಳೆಯನ್ನು ನನಗೆ ಕಾಣುವಂತೆ ಎತ್ತಿ ಹಿಡಿದರು. ಒಳಗಿನ ಒಂದು ಚೂರು ಕಾಗದವೂ ಹೊರಗೆ ಬರುವಂತಿಲ್ಲ, ಕಿಟಕಿಯಲ್ಲೇ ಓದಬೇಕು. ಹನ್ನೊಂದನೆಯ ಮೇಕೆಗೆ ನೂರಾ ಐದೂವರೆ ಡಿಗ್ರಿ. ಹನ್ನೆರಡಕ್ಕೆ ನೂರಾ ಆರು.

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಒಳಗೆ ಮಾವನೂ ನಗುತ್ತಿದ್ದರು. ನಗುತ್ತಲೇ ಕಣ್ಣೊರೆಸಿಕೊಂಡು, ತಲೆ ತಗ್ಗಿಸಿ ನಿಂತ ಹನ್ನೆರಡರ ಬೆನ್ನು ಸವರತೊಡಗಿದರು.

ಮಧ್ಯಾಹ್ನ ಸಹಿ ಹಾಕಿದೆ. ತಮ್ಮನಿಗೆ ನಾನೇ ಫೋನ್ ಮಾಡಿದೆ.

“ಬಂತಾ?”

“ಬಂತು ಕಣೋ. ನಾಳೆ ಲಸಿಕೆ ಹೊರಡುತ್ತೆ.”

ಆ ಕಡೆ ಅವನು ಹೋ ಎಂದು ಕಿರುಚಿದ್ದು, ನಾದಿನಿ ಏನೋ ಪಾತ್ರೆ ಕೆಡವಿದ್ದು ಎಲ್ಲ ಕೇಳಿಸಿತು. ಆಮೇಲೆ ಅವನ ದನಿ ಇಳಿಯಿತು.

“ಅಕ್ಕ, ಅವೆರಡು ಬದುಕ್ತಾವಾ?”

ಬೆಳಗಿನಿಂದ ಅದನ್ನು ಕೇಳಿದವರು ಯಾರೂ ಇರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. “ನೋಡ್ತೀನಿ ಕಣೋ” ಎಂದು ಫೋನ್ ಇಟ್ಟೆ.

ಪರೀಕ್ಷೆ ಮುಗಿದದ್ದರಿಂದ ಔಷಧಿ ಕೊಡಲು ಅಡ್ಡಿಯಿರಲಿಲ್ಲ. ಮಾವ ಗಂಟೆಗೊಮ್ಮೆ ಉಪ್ಪು ಸಕ್ಕರೆ ನೀರು ಕುಡಿಸಿದರು. ನಾನು ದಿನಾ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಹನ್ನೊಂದು ಐದು ದಿನದಲ್ಲಿ ಮೇವಿಗೆ ಬಾಯಿ ಹಾಕಿತು. ಹನ್ನೆರಡು ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. ಇತ್ತ ರೋಗ ಹೊಳೆ ದಾಟುವ ಮೊದಲೇ ತಮ್ಮನ ಮೂವತ್ತೆರಡಕ್ಕೂ ಲಸಿಕೆ ಬಿತ್ತು. ಆದರೂ ಅವನ ಫೋನ್ ನಿಲ್ಲಲಿಲ್ಲ. “ಹನ್ನೆರಡು ಎದ್ದಿತಾ?”

ಒಂಬತ್ತನೆಯ ದಿನ ಮಾವ ಕಿಟಕಿಗೆ ಹಾಳೆ ಹಿಡಿದಾಗ ಬಲಗಡೆಯ ಮೂಲೆಯೇ ಇರಲಿಲ್ಲ. ಅವರ ಹಿಂದೆ ಹನ್ನೆರಡು ನಿಂತುಕೊಂಡು ಆ ಕಾಗದದ ಚೂರನ್ನು ಅಗಿಯುತ್ತಿತ್ತು.

ಕಿಟಕಿಯಿಂದಲೇ ಹಾಳೆಯ ಫೋಟೋ ತೆಗೆದು ಕಡತಕ್ಕೆ ಸೇರಿಸಿದೆ. ಕಡತದಲ್ಲಿ ಯಾವುದೂ ವಿವರಣೆ ಇಲ್ಲದೆ ಇರಬಾರದು. ಆದ್ದರಿಂದ ಕೆಳಗೆ ಬರೆದೆ: ಹಾಳೆಯ ಮೂಲೆಯನ್ನು ಹನ್ನೆರಡನೆಯ ಮೇಕೆ ತಿಂದಿದೆ. ನಾನು ಕಣ್ಣಾರೆ ನೋಡಿದ್ದೇನೆ. ಸಹಿ ಹಾಕಿ ತಮ್ಮನಿಗೆ ಫೋನ್ ಮಾಡಿದೆ.