ಅಣ್ಣ ಕೊಟ್ಟ ವಿಳಾಸ

ಫೋನ್ ಬಂದಾಗ ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜೊಂದನ್ನು ಫ್ರೇಮಿಗೆ ಕೂರುವ ಹಾಗೆ ಯಂತ್ರಕ್ಕೆ ಹಿಡಿದು ಉಜ್ಜುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅದನ್ನು ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು "ಹಲೋ" ಎಂದಳು.

"ನಾನು ಪೆರೋಲ್ ಆಫೀಸಿಂದ ಮಾತಾಡ್ತಿದ್ದೀನಿ," ಎಂದಿತು ಒಂದು ಹೆಣ್ಣುದನಿ. "ನಿಮ್ಮ ಅಣ್ಣ ಈಗ ಪೆರೋಲಿಗೆ ಅರ್ಹರಾಗಿದ್ದಾರೆ. ಹೊರಗೆ ಬಂದ್ರೆ ಎಲ್ಲಿರ್ತೀರಿ ಅಂತ ಕೇಳಿದ್ದಕ್ಕೆ ನಿಮ್ಮನೆ ವಿಳಾಸ ಕೊಟ್ಟಿದ್ದಾರೆ. ಗುರುವಾರ ಬಂದು ಮನೆ ನೋಡಬಹುದಾ?"

"ಬನ್ನಿ" ಎಂದದ್ದು ತಾನೇ ಹೌದಾ ಎಂದು ಆಮೇಲೆ ಅವಳಿಗೇ ಅನುಮಾನ ಬಂತು. ಮತ್ತೆ ಯಂತ್ರ ಹಾಕಿದವಳು ಗಾಜಿನ ಅಂಚನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜಿಬಿಟ್ಟಳು. ಅದು ಫ್ರೇಮಿನೊಳಗೆ ಲೊಡಲೊಡ ಅಲ್ಲಾಡಿತು.

ಅಣ್ಣ ಜೈಲಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು, ಯಾವುದೋ ಮಾತಿಗೆ ಮಾತು ಬೆಳೆದು, ಜೊತೆ ಕೆಲಸದವನ ತಲೆಗೆ ಚಕ್ರ ಬಿಚ್ಚುವ ಸ್ಪ್ಯಾನರಿನಿಂದ ಹೊಡೆದಿದ್ದ. ಆ ಮನುಷ್ಯ ಆಸ್ಪತ್ರೆಯಲ್ಲಿ ತೀರಿಕೊಂಡ. ಅಣ್ಣ ಮನೆಗೆ ಓಡಿಬಂದು, ಅಟ್ಟ ಹತ್ತಿ, ಹಳೇ ಹಾಸಿಗೆಗಳ ಹಿಂದೆ ಅಡಗಿ ಕೂತ. ಪೊಲೀಸರು ಬಂದಾಗ ಅಮ್ಮ "ಅವನು ಮನೆಗೇ ಬಂದಿಲ್ಲ" ಎಂದು ಒಂದೇ ಸಮ ಸಾಧಿಸಿದಳು. ತಂಗಿ ಬಾಯಿ ಬಿಡಲಿಲ್ಲ. ಆದರೆ ಅವಳ ಕಣ್ಣು ತನ್ನಷ್ಟಕ್ಕೆ ತಾನೇ ಅಟ್ಟದ ಕಡೆ ಹೋಯಿತು. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಕೈಗೆ ಕೋಳ ಹಾಕಿಸಿಕೊಂಡು ಹೊಸ್ತಿಲು ದಾಟುವಾಗ ಅಣ್ಣ ಅವಳ ಕಡೆ ತಿರುಗಿ, "ನಿನ್ನ ನೋಡ್ಕೋತೀನಿ" ಎಂದಿದ್ದ.

ಆಮೇಲೆ ಅವಳಿಗೆ ಮದುವೆಯಾಯಿತು, ಮನೆ ಬದಲಾಯಿತು, ಅಮ್ಮನೂ ಅವಳ ಜೊತೆಗೇ ಬಂದಳು. ಆ ಮಾತು ಮಾತ್ರ ಅವಳ ಬೆನ್ನು ಬಿಡಲಿಲ್ಲ. ಅಮ್ಮ ತಿಂಗಳು ತಪ್ಪದೆ ಜೈಲಿಗೆ ಹೋಗಿ ಮಗನನ್ನು ನೋಡಿಬರುತ್ತಿದ್ದಳು. ಜೊತೆಗೆ ಕರೆದರೆ ಮಗಳಿಗೆ ಒಂದು ಸಲ ಜ್ವರ, ಒಂದು ಸಲ ಕೆಲಸ, ಇನ್ನೊಂದು ಸಲ ತಲೆನೋವು.

"ವಿಳಾಸ ಅವನಿಗೆ ನಾನೇ ಕೊಟ್ಟೆ," ಎಂದಳು ಅಮ್ಮ ಆ ಸಂಜೆ, ಸೊಪ್ಪು ಬಿಡಿಸುತ್ತಾ. "ನಾವಲ್ದೆ ಇನ್ಯಾರಿದ್ದಾರೆ ಅವನಿಗೆ?"

"ನನ್ನನ್ನೊಂದು ಮಾತು ಕೇಳ್ಬೇಕಿತ್ತಲ್ವೇನಮ್ಮಾ?"

"ಒಡಹುಟ್ಟಿದವನು ಮನೆಗೆ ಬರೋಕೆ ಕೇಳೋದೇನಿದೆ?"

ಗಂಡ ಬಸ್ ಡ್ರೈವರ್. ತಮಾಷೆ ಮಾಡಿ ಭಾರ ಇಳಿಸುವುದು ಅವನ ಅಭ್ಯಾಸ. "ನಮ್ಮನೇಲಿ ಇರೋದೇ ಒಂದು ಬಚ್ಚಲು. ಸಾಲಲ್ಲಿ ನಿಂತು ಅಭ್ಯಾಸ ಇರೋರು ಬಂದ್ರೆ ಒಳ್ಳೇದೇ," ಎಂದ. ಅವಳು ನಗದಿದ್ದದ್ದು ಕಂಡು ದನಿ ತಗ್ಗಿಸಿದ. "ನಿನಗೆ ಬೇಡ ಅನ್ಸಿದ್ರೆ ಬೇಡ ಅನ್ನು. ನಾನಂತೂ ಅರ್ಧ ವಾರ ದೂರದ ರೂಟಲ್ಲೇ ಇರ್ತೀನಿ."

ಅವಳ ಹೆದರಿಕೆಯೂ ಅದೇ ಆಗಿತ್ತು.

ಗುರುವಾರ ಪೆರೋಲ್ ಅಧಿಕಾರಿ ಬಂದರು. ನಡುವಯಸ್ಸಿನ ಸಣಕಲು ಹೆಂಗಸು, ಕಂಕುಳಲ್ಲಿ ಹೆಲ್ಮೆಟ್. ಹೊರಗಿನ ಕೋಣೆ, ಅಲ್ಲಿನ ಮಂಚ, ಕಿಟಕಿ, ಬಾಗಿಲ ಚಿಲಕ ಎಲ್ಲ ನೋಡಿದರು. ಮನೆಯಲ್ಲಿ ಯಾರಾದರೂ ಕುಡಿಯುತ್ತಾರಾ, ಅಕ್ಕಪಕ್ಕದವರಿಗೆ ವಿಷಯ ಗೊತ್ತಾ, ತೀರಿಕೊಂಡವರ ಮನೆ ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಎಲ್ಲದಕ್ಕೂ ಅಮ್ಮನೇ ಮುಂದಾಗಿ ಉತ್ತರ ಕೊಟ್ಟಳು. ಕೊನೆಗೆ ಅಧಿಕಾರಿ ಅವಳೊಬ್ಬಳನ್ನೇ ಮೆಟ್ಟಿಲ ಹತ್ತಿರ ಕರೆದರು.

"ಅರ್ಹ ಅಂದ್ರೆ ಬಿಟ್ಟುಬಿಟ್ರು ಅಂತಾನಾ ಮೇಡಂ?" ಅವಳು ಪಿಸುದನಿಯಲ್ಲಿ ಕೇಳಿದಳು.

"ಅಲ್ಲ. ಬಿಡಿ ಅಂತ ಕೇಳೋ ಹಕ್ಕು ಬಂತು, ಅಷ್ಟೆ. ಇಷ್ಟು ವರ್ಷ ಒಳಗೆ ಇರಲೇಬೇಕು ಅಂತ ಶಿಕ್ಷೇಲೇ ಇರುತ್ತೆ. ಅದು ಕಳೆದ ಮೇಲೆ ಪೆರೋಲ್ ಮಂಡಳಿ ಮುಂದೆ ಹೋಗಬಹುದು. ಒಳಗೆ ಹೇಗಿದ್ದ, ಗಲಾಟೆ ಮಾಡಿದ್ನಾ, ಏನಾದ್ರೂ ಕೆಲಸ ಕಲಿತ್ನಾ, ಮಾಡಿದ್ದು ತಪ್ಪು ಅನ್ನೋದು ಮನಸ್ಸಿಗೆ ನಾಟಿದ್ಯಾ ಅಂತ ಅವರು ನೋಡ್ತಾರೆ. ಸತ್ತವರ ಕಡೆಯವರ ಮಾತೂ ಕೇಳ್ತಾರೆ. ಆಮೇಲೆ, ಹೊರಗೆ ಬಂದು ಎಲ್ಲಿರ್ತಾನೆ, ಹೇಗೆ ಬದುಕ್ತಾನೆ ಅನ್ನೋದು. ಒಪ್ಪದೇ ಇದ್ರೆ ಒಂದೆರಡು ವರ್ಷ ಬಿಟ್ಟು ಮತ್ತೆ ಕೇಳಬಹುದು."

"ಒಪ್ಪಿದ್ರೆ?"

"ಒಪ್ಪಿದ್ರೂ ಶಿಕ್ಷೆ ಮುಗೀತು ಅಂತಲ್ಲ. ಉಳಿದದ್ದನ್ನ ಹೊರಗೆ, ನಮ್ಮ ಕಣ್ಣಳತೇಲಿ ಕಳೀಬೇಕು. ಕರೆದಾಗ ಬಂದು ಮುಖ ತೋರಿಸ್ಬೇಕು. ಕುಡಿಯೋ ಹಾಗಿಲ್ಲ, ಹೇಳದೆ ಊರು ಬಿಡೋ ಹಾಗಿಲ್ಲ. ಮಾತು ಮುರಿದ್ರೆ ವಾಪಸ್ ಒಳಗೆ." ಅವರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. "ಅಮ್ಮನ ಮಾತು ಕೇಳಿದೆ. ನೀವು ಹೇಳಿ, ನಿಮ್ಮ ಅಣ್ಣ ಇಲ್ಲಿರೋದು ನಿಮಗೆ ಒಪ್ಪಿಗೇನಾ?"

ಬಾಗಿಲ ಆಚೆ ಅಮ್ಮ ಕೆಮ್ಮಿದ್ದು ಕೇಳಿಸಿತು.

"ನಾನು ಬೇಡ ಅಂದ್ರೆ ಅವನಿಗೆ ಗೊತ್ತಾಗುತ್ತಾ?"

ಅಧಿಕಾರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಾನು ಹೇಳಲ್ಲ. ಆದ್ರೆ ಈ ಮನೆ ಆಗ್ಲಿಲ್ಲ ಅಂದ್ರೆ ಯಾಕೆ ಅಂತ ಊಹಿಸೋದು ಕಷ್ಟ ಅಲ್ವಲ್ಲ," ಎಂದರು.

ಒಂದು ವಾರ ಟೈಮ್ ಕೇಳಿದಳು. ಆ ವಾರ ಮೆಟ್ಟಿಲ ಮೇಲೆ ಯಾರ ಕಾಲಿನ ಸಪ್ಪಳವಾದರೂ ಅವಳು ಎದ್ದು ಹೋಗಿ ಚಿಲಕ ಹಾಕಿದೆಯೇ ಎಂದು ನೋಡುತ್ತಿದ್ದಳು. ಅಣ್ಣ ಇನ್ನೂ ಗೋಡೆಗಳ ಒಳಗಿದ್ದಾನೆ ಎಂದು ಎಷ್ಟು ಹೇಳಿಕೊಂಡರೂ ಮೈ ಕೇಳುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯ ಚಾಕುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಗಂಡನ ಸಾಮಾನಿನ ಡಬ್ಬಿಯಿಂದ ಸುತ್ತಿಗೆಯನ್ನೂ ತೆಗೆದಿಟ್ಟಳು.

"ಚಾಕು ಎಲ್ಲೇ?" ಎಂದು ಅಮ್ಮ ಹುಡುಕಾಡಿದಳು. ಮಗಳ ಕಣ್ಣು ಹೋದ ಕಡೆ ನೋಡಿ, ಸ್ಟೂಲ್ ಹಾಕಿ ಹತ್ತಿ, ಗಂಟನ್ನು ಇಳಿಸಿ ಬಿಚ್ಚಿದಳು. ಕತ್ತರಿಸಬೇಕಾದ ತರಕಾರಿಯನ್ನು ಹಾಗೇ ಬಿಟ್ಟು ಹೋಗಿ ಮುಸುಕೆಳೆದು ಮಲಗಿದಳು.

ಶನಿವಾರ ಅವಳು ಒಬ್ಬಳೇ ಜೈಲಿಗೆ ಹೋದಳು. ಭೇಟಿಯ ಕೋಣೆಯಲ್ಲಿ ದಪ್ಪ ಗಾಜಿನ ಗೋಡೆ, ಈಚೆಗೊಂದು ಆಚೆಗೊಂದು ಫೋನು. ಗಾಜಿನಾಚೆ ಬಂದು ಕೂತವನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ನೆತ್ತಿಯ ಕೂದಲು ಹೋಗಿತ್ತು. ಹಾಕಿಕೊಂಡಿದ್ದ ಕನ್ನಡಕ ಒಂದು ಕಿವಿಯ ಕಡೆ ಸೊಟ್ಟಗಿತ್ತು.

"ಪುಟ್ಟೀ," ಎಂದ. "ಇವತ್ತು ತಲೆನೋವಿಲ್ವಾ?"

ಅವನು ಜೈಲಿನ ಮರಗೆಲಸದ ಶೆಡ್ಡಿನ ಬಗ್ಗೆ ಹೇಳಿದ. ಮಂಡಳಿಯ ಮುಂದೆ ಏನು ಹೇಳಬೇಕೆಂದು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿರುವುದನ್ನು, ಪ್ರತಿ ಸಲವೂ ನಾಲಿಗೆ ತೊದಲುವುದನ್ನು ಹೇಳಿದ. ಅವಳಿಗೆ ಒಂದೂ ತಲೆಗೆ ಹೋಗಲಿಲ್ಲ.

"ಅಣ್ಣಾ, ನಿನ್ನ ಕರ್ಕೊಂಡು ಹೋಗುವಾಗ ನಂಗೊಂದು ಮಾತು ಅಂದಿದ್ದೆ. ನಿನ್ನ ನೋಡ್ಕೋತೀನಿ ಅಂತ."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ನಾನಾ? ನೆನಪಿಲ್ಲ ಪುಟ್ಟಿ." ಸೊಟ್ಟ ಕನ್ನಡಕ ಸರಿಮಾಡಿಕೊಂಡು, "ಅಂದಿದ್ರೂ ಅಂದಿರ್ತೀನಿ. ಆಗ ನಾನು ಯಾರಿಗೆ ಏನು ಬೇಕಾದ್ರೂ ಅಂತಿದ್ದೆ."

ಇಷ್ಟು ವರ್ಷ ಅವಳ ನಿದ್ದೆ ಕೆಡಿಸಿದ ಮಾತು ಅವನಿಗೆ ನೆನಪೇ ಇರಲಿಲ್ಲ. ಅವಳಿಗೆ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

"ನನ್ನ ಕಂಡ್ರೆ ಹೆದ್ರಿಕೇನಾ ನಿಂಗೆ?"

"ಹೂಂ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವನ ಪಕ್ಕದಲ್ಲಿ ಕೂತಿದ್ದ ಕೈದಿಯೊಬ್ಬ ಯಾರನ್ನೋ ಬೈಯುತ್ತಾ ಎದ್ದ. ಅವನ ಕುರ್ಚಿ ದಢಾರನೆ ಉರುಳಿ ಅಣ್ಣನ ಮೊಣಕಾಲಿಗೆ ಬಡಿಯಿತು. ಅಣ್ಣ ಚಂಗನೆ ಎದ್ದು ನಿಂತ. ದವಡೆ ಬಿಗಿದಿತ್ತು, ಕೈ ಮುಷ್ಟಿಯಾಗಿತ್ತು. ಅಟ್ಟದಿಂದ ಇಳಿದು ಬಂದ ಮುಖವೇ ಅದು. ನಡುವೆ ಗಾಜಿದ್ದರೂ ಅವಳು ಕುರ್ಚಿ ಸಮೇತ ಹಿಂದಕ್ಕೆ ಸರಿದಳು.

ಅವನು ಹೊಡೆಯಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಮೆಲ್ಲಗೆ ಕೂತ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದ. ಮತ್ತೆ ಫೋನ್ ಎತ್ತಿಕೊಂಡಾಗ ಅವನ ದನಿ ಸೋತಿತ್ತು. "ನಂಗೂ ನನ್ನ ಕಂಡ್ರೆ ಹೆದ್ರಿಕೇನೇ. ಇಲ್ಲಿ ಬಾಗಿಲು ಹಾಕೋಕೆ ಜನ ಇದ್ದಾರೆ. ಹೊರಗೆ ಯಾರಿರ್ತಾರೆ?"

ಸೋಮವಾರ ಅವಳು ತಾನಾಗಿಯೇ ಪೆರೋಲ್ ಆಫೀಸಿಗೆ ಹೋದಳು.

"ನನ್ನ ಮನೆಗೆ ಬೇಡ ಮೇಡಂ. ನಂಗೆ ಭಯ. ಆದ್ರೆ ಅವನು ಹೊರಗೇ ಬರಬಾರದು ಅಂತ ಹೇಳ್ತಿಲ್ಲ. ಬೇರೆ ಎಲ್ಲಾದ್ರೂ ಇರೋಕೆ ಜಾಗ ಸಿಕ್ಕಿದ್ರೆ ನಾನು ಹೋಗಿ ನೋಡ್ತಿರ್ತೀನಿ, ಬೇಕಾದ್ದಕ್ಕೆ ಆಗ್ತೀನಿ. ಇದನ್ನ ನಾನೇ ಹೇಳ್ದೆ ಅಂತ ಅವನಿಗೂ ಹೇಳಿ. ಅವನು ಊಹಿಸ್ಕೊಳ್ಳೋದು ಬೇಡ."

ಬಿಡುಗಡೆಯಾದವರಿಗೆಂದೇ ಒಂದು ಹಾಸ್ಟೆಲ್ ಇದೆ, ಜಾಗ ಸಿಗುವುದು ಕಷ್ಟ, ವಿಚಾರಿಸುತ್ತೇನೆ ಎಂದರು ಅಧಿಕಾರಿ.

ವಿಷಯ ತಿಳಿದ ಮೇಲೆ ಅಮ್ಮ ಅವಳ ಜೊತೆ ಮಾತು ಬಿಟ್ಟಳು. ಬೇಕಾದ್ದನ್ನೆಲ್ಲ ಅಳಿಯನ ಬಾಯಿಂದ ಹೇಳಿಸುತ್ತಿದ್ದಳು. "ನಾನು ಬಸ್ಸಿಗೆ ಡ್ರೈವರ್, ಮನೇಲಿ ಪೋಸ್ಟ್‌ಮ್ಯಾನ್," ಎಂದು ಅವನು ಗೊಣಗಿದ.

ಮಂಡಳಿಯ ಮುಂದೆ ಸತ್ತವನ ಹೆಂಡತಿ ಬಂದಿದ್ದಳು. ತನ್ನ ಬೀದಿಯಲ್ಲಿ ಕೊಂದವನ ನೆರಳೂ ಕಾಣಬಾರದು ಎಂದಷ್ಟೇ ಹೇಳಿ ಹೊರಟುಹೋದಳಂತೆ. ಮಂಡಳಿ ಷರತ್ತು ಹಾಕಿ ಒಪ್ಪಿತು: ಹಾಸ್ಟೆಲಿನಲ್ಲೇ ಇರಬೇಕು, ಮರಗೆಲಸದ ಅಂಗಡಿಯೊಂದರಲ್ಲಿ ದುಡಿಯಬೇಕು, ಆ ಬೀದಿಗೆ ಕಾಲಿಡಬಾರದು, ತಂಗಿ ಕರೆಯದೆ ತಂಗಿಯ ಮನೆಗೂ ಹೋಗಬಾರದು.

ಅಣ್ಣ ಹೊರಬಂದ ಮೊದಲ ಭಾನುವಾರ ಅವಳು ಅಮ್ಮನನ್ನು ಕರೆದುಕೊಂಡು ಹಾಸ್ಟೆಲಿಗೆ ಹೋದಳು. ಮೂವರೂ ಹತ್ತಿರದ ಪಾರ್ಕಿನ ಬೆಂಚಿನ ಮೇಲೆ ಕೂತರು. ಅಣ್ಣ ಒಂದು ತುದಿಯಲ್ಲಿ, ಅವಳು ಇನ್ನೊಂದು ತುದಿಯಲ್ಲಿ. ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದಾಗಲೆಲ್ಲ ಅವನು ಬೆಚ್ಚುತ್ತಿದ್ದ. ಅವನು ಬೆಚ್ಚಿದಾಗಲೆಲ್ಲ ಅವಳು ಬೆಚ್ಚುತ್ತಿದ್ದಳು.

"ಮನೆಗೆ ಯಾವಾಗ ಕರೀತೀಯೇ ಇವನ್ನ?" ಅಮ್ಮ ಅವನೆದುರಿಗೇ ಕೇಳಿಬಿಟ್ಟಳು. ಎಷ್ಟೋ ದಿನದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು ಅದು.

ಅವಳು ಬೆಂಚಿನ ಅಂಚಿಗೆ ಇನ್ನಷ್ಟು ಸರಿದಳು.

"ಅಮ್ಮಾ, ಅವಳನ್ನ ಕೇಳ್ಬೇಡ," ಎಂದ ಅಣ್ಣ, ನೆಲ ನೋಡುತ್ತಾ. "ಅವಳಿಗೆ ಯಾವಾಗ ಅನ್ಸುತ್ತೋ ಆವಾಗ. ಅನ್ಸದೇ ಇದ್ರೂ ಪರವಾಗಿಲ್ಲ."

ಹಾಸ್ಟೆಲಿನ ಗೇಟು ಹಾಕುವ ಹೊತ್ತಾಯಿತೆಂದು ಅವನು ಎದ್ದ. ಅವಳು "ಮುಂದಿನ ವಾರ ಬರ್ತೀನಿ" ಎಂದಳು. ಹೆದರಿಕೆ ಹೋಗಿರಲಿಲ್ಲ. ಆದರೂ ಬರಬೇಕೆಂದೇ ಹೇಳಿದ್ದಳು. ಅವನು ತಲೆಯಾಡಿಸಿ, ಗೇಟಿನ ಕಡೆ ಬೇಗಬೇಗ ಹೆಜ್ಜೆ ಹಾಕಿದ.