ಕೋಟಿನ ಜೇಬಿನ ಹದಿಮೂರು ಬಟ್ಟಲು

ಸಿದ್ದೇಶ್ವರಿ ಆಂಟಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾರೆ. ಇಳಕಲ್ ಸೀರೆಯ ಮೇಲೆ ಮೊಣಕಾಲು ಮುಟ್ಟುವ ಕರಿಯ ಉಣ್ಣೆಯ ಕೋಟು, ಅದರ ಎರಡು ಜೇಬುಗಳಲ್ಲಿ ಹದಿಮೂರು ಪುಟ್ಟ ಸ್ಟೀಲಿನ ಬಟ್ಟಲು. ಎಡಗಾಲನ್ನು ತುಸು ಎಳೆದು ನಡೆಯುವ ಅವರ ನಡಿಗೆಗೆ ಆ ಬಟ್ಟಲುಗಳೇ ತಾಳ. ಅಮೆರಿಕದ ಜಾರ್ಜಿಯಾ ರಾಜ್ಯದ ಜುಲೈ ಬಿಸಿಲಿಗೂ ಕೋಟು ಕಳಚಿದವರಲ್ಲ. "ಹೊರಗ ಬಿಸಲು, ಒಳಗ ಎಸಿ. ನಾ ಒಳಗಿನಾಕಿ" ಎನ್ನುತ್ತಾರೆ.

ಐವತ್ತೆರಡು ವರ್ಷಗಳ ಹಿಂದೆ ಧಾರವಾಡದಿಂದ ಬಂದು, ಪ್ರಯೋಗಾಲಯವೊಂದರಲ್ಲಿ ಸೇವೆ ಮುಗಿಸಿ ನಿವೃತ್ತರಾದ ಈ ವಿಜ್ಞಾನಿ, ಶನಿವಾರ ಬೆಳಗ್ಗೆ ನಾರ್‌ಕ್ರಾಸ್ ಊರಿನ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಕನ್ನಡದ ಹಿರಿಯರನ್ನು ಪೌರತ್ವ ಪರೀಕ್ಷೆಗೆ ಅಣಿಗೊಳಿಸುತ್ತಾರೆ. ಮೇಜಿನ ಮೇಲೆ ಮೊದಲು ಒಂದು ಹಿಡಿ ಶೇಂಗಾ ಹರಡಿ, "ಇವರು ಮೊದಲ ಇಲ್ಲೇ ಇದ್ದ ಮೂಲನಿವಾಸಿಗಳು, ಮರೀಬ್ಯಾಡ್ರಿ" ಎನ್ನುತ್ತಾರೆ. ಆಮೇಲೆ ಶೇಂಗಾವನ್ನು ಸರಿಸುತ್ತ ಅಂಚಿಗುಂಟ ಬಟ್ಟಲುಗಳು ಬಂದು ಕೂರುತ್ತವೆ. ಒಂದೊಂದು ಬಟ್ಟಲೂ ಅಮೆರಿಕ ಹುಟ್ಟಿದ ಹದಿಮೂರು ವಸಾಹತುಗಳಲ್ಲಿ ಒಂದು: ಮೊದಲನೆಯದು ವರ್ಜೀನಿಯಾ, ಕೊನೆಯ ಕೂಸು ನಮ್ಮ ಜಾರ್ಜಿಯಾ. ದೂರದ ಇಂಗ್ಲೆಂಡಿನ ದೊರೆ ಇವರನ್ನು ಕೇಳದೆಯೇ ತೆರಿಗೆ ಹೇರಿದ್ದು, ಬಟ್ಟಲುಗಳೆಲ್ಲ ಸೆಟೆದು ನಿಂತು ಗೆದ್ದದ್ದು, ಗೆದ್ದ ಮೇಲೆ ಒಂದರ ಮುಖ ಒಂದು ನೋಡದೆ ಮುನಿಸಿಕೊಂಡದ್ದು, ಕಡೆಗೆ ಹದಿಮೂರೂ ಒಂದೇ ಪರಾತದ ಅಗಲ ತಟ್ಟೆ ಸೇರಿ ಸಂವಿಧಾನವಾದದ್ದು, ಎಲ್ಲವೂ ಅರ್ಧ ಗಂಟೆಯಲ್ಲಿ ನಡೆದುಹೋಗುತ್ತದೆ. ನಡುವೆ ಶೇಂಗಾ ಬಾಯಿಗೆ ಹಾಕಿಕೊಂಡವರಿಗೆ ಬೈಗುಳ ತಪ್ಪಿದ್ದಲ್ಲ. ಪರೀಕ್ಷೆಗೆ ಹೊರಟವರಿಗೆ ಅವರ ಕಟ್ಟಪ್ಪಣೆ ಒಂದೇ: "ಕೇಳಿದ್ದಕ್ಕಷ್ಟ ಉತ್ತರಾ. ಮುಂದ ಬಾಯಿ ಮುಚ್ಚರಿ."

ಹೀಗೆ ನಲವತ್ತೊಂದು ಜನರನ್ನು ದಡ ಸೇರಿಸಿದವರು ತಾವು ಮಾತ್ರ ಅರ್ಜಿ ಹಾಕಿರಲಿಲ್ಲ. ಕೆಣಕಿದರೆ, "ವರ್ಜೀನಿಯಾದಾಗ ಬಂದಿಳಿದವರು ದೇಶ ಅನ್ನಿಸಿಕೊಳ್ಳಾಕ ನೂರಾ ಅರವತ್ತೊಂಬತ್ತು ವರ್ಷ ತಗೊಂಡ್ರು. ನನಗ್ಯಾಕ ಅವಸರಾ ಮಾಡ್ತೀರಿ?" ಎನ್ನುತ್ತಿದ್ದರು.

ಆ ಹಟ ಮುರಿದವರು ಶನಿವಾರದ ಪಾಠಕ್ಕೆ ಬರುತ್ತಿದ್ದ ಎಪ್ಪತ್ತರ ಚನ್ನಮ್ಮ. ಮಗಳ ಜೊತೆ ಸಾಲಿನಲ್ಲಿ ನಿಂತು ಓಟು ಹಾಕುವ ಆಸೆ ಅವರಿಗೆ. ಇಂಗ್ಲಿಷಿನ ಭಯ ಆಸೆಗಿಂತ ದೊಡ್ಡದು. "ಅಕ್ಕಾರ, ನೀವೂ ಬಂದ್ರ ಬರ್ತೀನಿ. ಇಲ್ಲಂದ್ರ ಫಾರಂಗ ಸಹಿ ಹಾಕಂಗಿಲ್ಲ" ಎಂದು ಪಟ್ಟು ಹಿಡಿದರು. ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿದರು. ಅದೃಷ್ಟಕ್ಕೆ ಸಂದರ್ಶನವೂ ಒಂದೇ ದಿನ ಬಂತು.

೨೦೨೩ರ ಆ ಬೆಳಗ್ಗೆ ಕಾರು ಓಡಿಸಿದವಳು ನಾನು. ಆಂಟಿ ದಾರಿಯುದ್ದಕ್ಕೂ ತಮ್ಮ ಭಾರತದ ಪಾಸ್‌ಪೋರ್ಟನ್ನು ಚೀಲದಿಂದ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದರು. ಅಟ್ಲಾಂಟಾ ಹತ್ತಿರವಾದಾಗ, "ಇಲ್ಲಿಯಾಕಿ ಆದ್ರ ಈ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಲ್ಲ, ಮನಸ್ಸ ಒಪ್ಪವಲ್ದು, ತಂಗಿ" ಎಂದರು.

ವಲಸೆ ಕಚೇರಿಯ ಬಾಗಿಲಲ್ಲಿ ತಪಾಸಣೆಯ ಯಂತ್ರ ಕಿರುಚಿಕೊಂಡಿತು. ಕಾವಲುಗಾರ ಜೇಬು ಖಾಲಿ ಮಾಡಿಸಿ, ಟ್ರೇಯಲ್ಲಿದ್ದ ಬಟ್ಟಲುಗಳನ್ನು ನೋಡಿ ಇವೇನೆಂದು ಕೇಳಿದ್ದೇ ತಪ್ಪಾಯಿತು. ಹಿಂದೆ ಸಾಲು ಬೆಳೆಯುತ್ತಿದ್ದರೂ ಆಂಟಿ ವರ್ಜೀನಿಯಾದಿಂದ ಶುರು ಮಾಡಿದರು. ಆತ ಇದೇ ರಾಜ್ಯದ ಸವಾನಾ ಊರಿನವನಂತೆ, ಜಾರ್ಜಿಯಾದ ಬಟ್ಟಲನ್ನು ನಗುತ್ತ ತಾನೇ ಇಟ್ಟ. ಬಟ್ಟಲುಗಳು ನನ್ನ ಕೈಸೇರಿದವು, ಆಂಟಿ ಸದ್ದಿಲ್ಲದೆ ಒಳಗೆ ಹೋದರು. ಆ ನಡಿಗೆಯನ್ನು ತಾಳವಿಲ್ಲದೆ ಕಂಡದ್ದು ಅದೇ ಮೊದಲು.

ಚನ್ನಮ್ಮ ಗೆದ್ದು ನಗುತ್ತ ಬಂದರು. ಅವರ ಹಿಂದೆ ಆಂಟಿ, ತಲೆ ತಗ್ಗಿಸಿಕೊಂಡು.

"ಆಫೀಸರಮ್ಮ ಮೊದಲಿನ ರಾಜ್ಯಗಳೊಳಗ ಮೂರರ ಹೆಸರು ಕೇಳಿದ್ಲು. ಹದಿಮೂರೂ ಹೇಳಿಬಿಟ್ಟೆ."

"ಬಾಯಿ ಮುಚ್ಚಬೇಕಿತ್ತಲ್ರೀ ಅಕ್ಕಾರ?" ಎಂದರು ಚನ್ನಮ್ಮ.

"ಪಾಸ್ ಮಾಡ್ಯಾಳ, ಸುಮ್ನಿರು."

ಬಟ್ಟಲುಗಳು ಒಂದೊಂದಾಗಿ ಜೇಬು ಸೇರಿದವು. ಯಾವ ವಲಸೆಯಲ್ಲೂ ಇಂಥವರು ಕೆಲವರಿರುತ್ತಾರೆ. ಮೊದಲ ಹಡಗಿನಲ್ಲೇ ಬಂದಿರುತ್ತಾರೆ, ಇಳಿಯುವ ಹಲಗೆಯ ಪಕ್ಕದಲ್ಲಿ ನಿಂತು ಎಲ್ಲರ ಕೈಹಿಡಿದು ಇಳಿಸುತ್ತಾರೆ, ತಾವು ಇಳಿಯುವುದನ್ನೇ ಮರೆತಂತೆ ನಟಿಸುತ್ತಾರೆ. ಅವರನ್ನು ಇಳಿಸಲು, ಅವರ ಕೈ ಬಿಡಲೊಲ್ಲದ ಒಬ್ಬ ಚನ್ನಮ್ಮ ಬೇಕಾಗುತ್ತದೆ.