ಐದೂಕಾಲು ಬುಟ್ಟಿ

ಗಣಿತದ ಮಾಸ್ತರರು ರಜೆ ಹಾಕಿ ಅವರ ಪಾಠ ತನ್ನ ಪಾಲಿಗೆ ಬಂದ ದಿನದಿಂದ ಸುನಿತಾಳಿಗೆ ಒಂದೇ ಅಂಜಿಕೆ. ಬಿ.ಎ. ಮುಗಿಸಿದ್ದರೂ ಭಿನ್ನರಾಶಿ ಕಳೆಯುವುದು ತನಗೆ ಗಟ್ಟಿಯಾಗಿ ಬರುವುದಿಲ್ಲ ಅನ್ನುವುದು ಐದನೇ ತರಗತಿಯ ಮಕ್ಕಳಿಗೆ ಗೊತ್ತಾಗಿಬಿಟ್ಟರೆ? ಈ ಮಾತನ್ನು ಡೈರಿಯಲ್ಲಷ್ಟೇ ಬರೆದಿದ್ದಳು, ಅದೂ ಪೆನ್ಸಿಲ್ಲಿನಲ್ಲಿ. ಶಹಾಪುರದಿಂದ ಬಸ್ಸು ಹಿಡಿದು ಭೀಮಾ ದಂಡೆಯ ಈ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬರತೊಡಗಿ ಮೂರು ತಿಂಗಳಾಗಿದ್ದರೂ, ಅವಳ ದನಿ ಹೇಗಿದೆಯೆಂದು ಹೆಡ್‌ಮಾಸ್ತರ ಚನ್ನಯ್ಯನವರಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

ಆ ದಿನ ಸುಗಲಮ್ಮ ಮಗಳು ಮೌನೇಶ್ವರಿಯ ಕೈ ಹಿಡಿದುಕೊಂಡು ಚನ್ನಯ್ಯನವರ ಖೋಲಿಗೆ ಬಂದಳು. ಹೊಳೆಯಲ್ಲಿ ಮೀನು ಹಿಡಿಯುವ ಮನೆತನ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಶಿಬಿರ ಸುರಪುರದಲ್ಲಿತ್ತು. ಈ ಶಾಲೆಯಿಂದ ನಾಲ್ವರು ಮಾತ್ರ. ಅವರನ್ನು ಆರಿಸಲು ಸುನಿತಾ ನಡೆಸಿದ ಪರೀಕ್ಷೆಯಲ್ಲಿ ಮೌನೇಶ್ವರಿ ಒಂದೇ ಲೆಕ್ಕಕ್ಕೆ ಐದನೆಯವಳಾಗಿದ್ದಳು. ಐದೂಕಾಲರಲ್ಲಿ ಎರಡು ಪೂರ್ಣಾಂಕ ಮೂರನೇ ಎರಡು ಕಳೆಯುವ ಲೆಕ್ಕ.

"ಒಂದ್ ಲೆಕ್ಕಕ್ಕ ಹೆಸರ ಹೊಡೀತೀರೇನ್ರಿ ಮಾಸ್ತರ್ರ?"

"ಅಕ್ಕೋರು ಕಲಿಸಿದಂಗ ಮಾಡಿಲ್ಲವ್ವಾ ನಿನ್ನ ಮಗಳು. ಪರೀಕ್ಷಾ ಪೇಪರಿನ್ಯಾಗ ಬುಟ್ಟಿ ಚಿತ್ರ ತಗದಾಳ, ನೋಡಿಲ್ಲೆ!" ಚನ್ನಯ್ಯ ನಕ್ಕರು. "ಪರೀಕ್ಷಾ ಬರ್ಯಾಕ ಬಂದಿದ್ಯೋ, ಮೀನ ಮಾರಾಕ ಬಂದಿದ್ಯೋ?"

ಹುಡುಗಿ ಹೆದರಲಿಲ್ಲ. "ನಮ್ಮನಿಯಾಗ ಕಳ್ಯಾಂಗಿಲ್ರಿ, ತುಂಬಸ್ತೀವ್ರಿ."

ಸಿಕ್ಕ ಮೀನಿನಲ್ಲಿ ಬಲೆಗೊಂದು ಪಾಲು, ಹರಿಗೋಲಿಗೊಂದು, ಆಳಿಗೊಂದು. ಹೀಗಾಗಿ ಬುಟ್ಟಿಯ ಮೂರನೇ ಒಂದು ಭಾಗ ಎಲ್ಲಿಗೆ ಬರುತ್ತದೆಂದು ಆ ಮನೆಯ ಮಕ್ಕಳು ಕಣ್ಣಳತೆಯಲ್ಲೇ ಹೇಳುವರು.

"ಐದೂಕಾಲು ಬುಟ್ಟಿ ಮೀನ ಅನ್ರಿ. ಎರಡು ಬುಟ್ಟಿ, ಮ್ಯಾಲ ಮೂರರಾಗ ಎರಡ ಪಾಲು ಕೊಟ್ಟೇವ್ರಿ. ಆ ಕೊರತಿ ಬುಟ್ಟಿ ತುಂಬಾಕ ಇನ್ನೊಂದ್ ಪಾಲು ಬೇಕು. ಅಲ್ಲಿಗೆ ಮೂರಾತು. ಮೂರರಿಂದ ಐದಕ್ಕ ಎರಡು ಬುಟ್ಟಿ. ಮ್ಯಾಲ ಕಾಲು. ಒಂದ್ ಬುಟ್ಟಿಗೆ ಹನ್ನೆರಡು ಪಾಲು ಹಿಡದ್ರ, ಆ ಮೂರನೇ ಒಂದಕ್ಕ ನಾಲ್ಕು, ಕಾಲಿಗೆ ಮೂರು, ಕೂಡಿ ಏಳು. ಎರಡು ಬುಟ್ಟಿ, ಹನ್ನೆರಡರಾಗ ಏಳು ಉಳೀತ್ರಿ."

ಮೂಲೆಯ ಕುರ್ಚಿಯಲ್ಲಿದ್ದ ಸುನಿತಾ ಪೆನ್ಸಿಲ್ ಹಿಡಿದಳು. ಅವಳ ಉತ್ತರ ಮೂರು ಪೂರ್ಣಾಂಕ ಹನ್ನೆರಡನೇ ಐದು. ಮೂರನೇ ಎರಡಕ್ಕಿಂತ ಕಾಲು ಸಣ್ಣದು, ಆದ್ದರಿಂದ ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ ಎಂದು ಅವಳೇ ಹಲಗೆಯ ಮೇಲೆ ಬರೆದು ತೋರಿಸಿದ್ದಳು. ಐದರಲ್ಲಿ ಒಂದನ್ನು ಬಿಡಿಸಿ ಕಾಲಿಗೆ ಸೇರಿಸಬೇಕೆಂಬುದು ಹೊಳೆದಿರಲೇ ಇಲ್ಲ. ಹಾಜರಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ, ತನ್ನ ಉತ್ತರದಲ್ಲಿ ಉಳಿದದ್ದಕ್ಕೆ ಕೊಟ್ಟದ್ದನ್ನು ಕೂಡಿಸಿ ನೋಡಿದಳು. ಐದೂಕಾಲು ಬರಬೇಕಿತ್ತು. ಬಂದದ್ದು ಆರು, ಮೇಲೆ ಹನ್ನೆರಡನೇ ಒಂದು.

ಮತ್ತೆ ಕೂಡಿಸಿದಳು. ಆರೇ.

ಹೊಳೆಯಿಂದ ಬಂದದ್ದಕ್ಕಿಂತ ಹೆಚ್ಚು ಮೀನು! ಪಟ್ಟಿಯಲ್ಲಿದ್ದ ನಾಲ್ವರೂ ತಪ್ಪು ಮಾಡಿದ್ದರು, ತನ್ನ ಮಾತು ಕೇಳಿದ್ದಕ್ಕೇ. ಕೇಳದ ಒಬ್ಬಳದು ಮಾತ್ರ ಸರಿ. ಅದರ ಮೇಲೆ ಕೆಂಪು ಗೆರೆ ಎಳೆದದ್ದು ಇದೇ ಕೈ.

"ಅಕ್ಕೋರು ಡಿಗ್ರಿ ಮಾಡ್ಯಾರವ್ವಾ, ಅವರಿಗೆ ಗೊತ್ತಿರಂಗಿಲ್ಲೇನು?" ಚನ್ನಯ್ಯ ಪಟ್ಟಿ ಎಳೆದುಕೊಂಡು ಸಹಿ ಹಾಕಲು ಪೆನ್ನಿನ ಟೊಪ್ಪಿಗೆ ತೆಗೆದರು.

"ಆತು ಬಿಡ್ರಿ," ಅಂದು ಸುಗಲಮ್ಮ ಮಗಳ ಕೈ ಎಳೆದಳು. "ನಡಿ ತಂಗಿ. ನಾಳಿಂದ ನನ್ನ ಜೋಡಿ ಸಂತಿಗೆ ಬಾ. ಅಲ್ಲ್ಯಾರ ನಿನ್ನ ಲೆಕ್ಕ ನಡೀತದ."

ಮೌನೇಶ್ವರಿ ತಾಯಿಯ ಕಡೆ ನೋಡಲಿಲ್ಲ. ಸುನಿತಾಳ ಕಡೆ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಎಲ್ಲಿ ತಪ್ಪಿದೆ ಎಂದು ಕೇಳುತ್ತಿತ್ತು, ಅಷ್ಟೇ.

ಸುನಿತಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿದ್ದು ಸದ್ದಾಯಿತು, ಉಳಿದಿಬ್ಬರೂ ತಿರುಗಿದರು.

"ಸೈ ಮಾಡಬ್ಯಾಡ್ರಿ ಸರ್. ಈಕಿದು ಸರಿ ಐತಿ. ನಾ ಎಲ್ಲಾರಿಗೂ ತಪ್ಪು ಕಲಿಸೀನಿ."